ಕಳ್ಳನಿಗೆ ಸಿಗದ ಕಾರು, ಗಂಜ್‌ನಲ್ಲಿ ಹಿಡಿದ ಸ್ಟೇರಿಂಗ್: ಕಲಬುರಗಿಯ ಒಂದು ಪ್ರಕರಣ

ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೆಎ-32 ನಂಬರಿನದು. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇದೆ, ಏರ್‌ಬ್ಯಾಗ್ ಇದೆ, ಚಾವಿಯಲ್ಲಿ ಚಿಪ್ ಇದೆ. ಮಾಲಕರು ನೆಹರು ಗಂಜ್‌ನಲ್ಲಿ (ಇಲ್ಲಿನ ಧಾನ್ಯದ ಮಾರುಕಟ್ಟೆ) ತೊಗರಿ ವ್ಯಾಪಾರಸ್ಥರು. ಮನೆ ಸೇಡಂ ರಸ್ತೆ ಕಡೆ. ಒಳಗೆ ನಿಲ್ಲಿಸಲು ಜಾಗ ಇಲ್ಲ, ರಾತ್ರಿ ಗಾಡಿ ರಸ್ತೆ ಬದಿಗೇ ಇರುತ್ತದೆ. ಅದು ನಮ್ಮ ಗ್ಯಾರೇಜಿಗೆ ಬಂದದ್ದು ಜನವರಿಯಲ್ಲಿ, ಗಂಜ್‌ಗೆ ಹೊಸ ತೊಗರಿ ಬಂದು ಬೀಳುವ ಹೊತ್ತಿಗೆ. ತಿಂಗಳು ಹೇಳಲು ಕಾರಣ ಇದೆ. ಆ ದಿನಗಳಲ್ಲಿ ಮಾಲಕರು ಗಾಡಿ ಇಲ್ಲದೆ ಒಂದು ದಿನವೂ ಕೂರುವಂತಿರಲಿಲ್ಲ. ಮುಂದಿನ ತಾಪತ್ರಯ ಎಲ್ಲ ಆ ಅವಸರದಿಂದಲೇ ಶುರುವಾಯಿತು.

ಬೆಳಗ್ಗೆ ಎದ್ದು ನೋಡಿದರೆ ಡ್ರೈವರ್ ಕಡೆ ಬಾಗಿಲಿನ ಲಾಕ್ ತಿರುಚಿತ್ತು. ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಒಡೆದು ಕಾಲಡಿ ಬಿದ್ದಿತ್ತು. ಚಾವಿ ಹಾಕುವ ತೂತಿಗೆ ದಪ್ಪ ಸ್ಕ್ರೂಡ್ರೈವರ್ ತುರುಕಿ ತಿರುವಿದ್ದರು. ಇಗ್ನಿಷನ್ ಆನ್‌ನಲ್ಲೇ ಉಳಿದು ಮೀಟರಿನ ದೀಪಗಳು ಉರಿಯುತ್ತಿದ್ದವು, ಅದರಲ್ಲಿ ಚಾವಿ ಗುರುತಿನ ದೀಪ ಮಾತ್ರ ಮಿಣುಕುತ್ತಿತ್ತು. ಮಾಲಕರ ಮಗ ಏನನ್ನೂ ಮುಟ್ಟುವ ಮೊದಲು ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟ. ಜಾಣ ಹುಡುಗ. ಈ ವಿಡಿಯೋ ಮುಂದೆ ಎರಡು ಕಡೆ ಲೆಕ್ಕಕ್ಕೆ ಬಂತು.

ಕಳ್ಳ ಬಾಗಿಲು ತೆಗೆದ, ಇಗ್ನಿಷನ್ ಮುರಿದ, ಸ್ಟೇರಿಂಗ್ ಲಾಕ್ ಕೂಡ ಬಿಡಿಸಿದ. ಆದರೂ ಗಾಡಿ ಯಾಕೆ ಹೋಗಲಿಲ್ಲ? ಯಾಕಂದರೆ ಅಲ್ಲಿ ಇರೋದು ಎರಡು ಬೇರೆ ಬೇರೆ ಬೀಗ. ಒಂದು ಕಬ್ಬಿಣದ್ದು. ಚಾವಿ ತೆಗೆದಾಗ ಸ್ಪ್ರಿಂಗ್ ಒತ್ತಡಕ್ಕೆ ಒಂದು ಚಿಲಕ ಹೊರಬಂದು ಸ್ಟೇರಿಂಗ್ ಶಾಫ್ಟ್‌ನ ಮೇಲಿನ ಕಚ್ಚಿನಲ್ಲಿ ಕೂರುತ್ತದೆ. ಚಾವಿ ತಿರುವಿದರೆ ಒಳಗಿನ ಕ್ಯಾಮ್ (ಚಾವಿಯ ಜೊತೆ ತಿರುಗುವ ತುಂಡು) ಅದನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಇನ್ನೊಂದು ಇಮೊಬಿಲೈಜರ್. ಚಾವಿಯ ಹಿಡಿಕೆಯೊಳಗೆ ಬ್ಯಾಟರಿ ಬೇಡದ ಒಂದು ಪುಟ್ಟ ಚಿಪ್. ಚಾವಿ ತೂತಿನ ಸುತ್ತ ಬಳೆ ಆಕಾರದ ಆಂಟೆನಾ ಕಾಯಿಲ್. ಕಾಯಿಲ್ ಆ ಚಿಪ್ಪಿನ ಸಂಕೇತ ಓದುತ್ತದೆ. ಅದು ಎಂಜಿನ್ನಿನ ಕಂಪ್ಯೂಟರಿನಲ್ಲಿ ಇರುವುದಕ್ಕೆ ಹೊಂದದಿದ್ದರೆ ಎಂಜಿನ್ ನಡೆಯುವುದಿಲ್ಲ. ಮಾರುತಿಯವರು ಇದಕ್ಕೆ ಐಕ್ಯಾಟ್ಸ್ ಅನ್ನುತ್ತಾರೆ, ಬೇರೆ ಕಂಪನಿಗಳಲ್ಲಿ ಬೇರೆ ಹೆಸರು. ಕೆಲಸ ಒಂದೇ.

ಚಿಪ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಅಮೆರಿಕ ನೋಡಿದೆ. ಅಲ್ಲಿ ಇಮೊಬಿಲೈಜರ್ ಇಲ್ಲದೆ ಮಾರಿದ ಹ್ಯುಂಡೈ, ಕಿಯಾ ಕಾರುಗಳನ್ನು 2021ರ ನಂತರ ಹುಡುಗರು ಆಟಕ್ಕೆಂಬಂತೆ ಕದ್ದರು. ಪಕ್ಕದ ಕೆನಡಾದಲ್ಲಿ 2007ರಿಂದಲೇ ಇಮೊಬಿಲೈಜರ್ ಕಡ್ಡಾಯ, ಹಾಗಾಗಿ ಅಲ್ಲಿ ಆ ಆಟ ನಡೆಯಲಿಲ್ಲ. ಸೇಡಂ ರಸ್ತೆಯ ಈ ಕಳ್ಳನೂ ಚಿಪ್‌ಗೇ ಸೋತು ಹೋದದ್ದು.

ಇಲ್ಲಿಗೆ ನಿಂತಿದ್ದರೆ ಸರಳ ಕೇಸು. ಆದರೆ ಮಾಲಕರಿಗೆ ಅವತ್ತೇ ಗಾಡಿ ಬೇಕಿತ್ತು. ಪರಿಚಯದ ಒಬ್ಬ ಮಿಸ್ತ್ರಿಯನ್ನು ಮನೆಗೇ ಕರೆಸಿದರು. ಅವನು ಬ್ಯಾಟರಿ ತಂತಿ ಬಿಚ್ಚದೆಯೇ ಸ್ಟೇರಿಂಗ್ ಚಕ್ರ ತೆಗೆದ, ಒಳಗೆ ಇಣುಕಿ ನೋಡಿದ, ಮತ್ತೆ ಹಾಕಿದ. ಮುರಿದ ಇಗ್ನಿಷನ್ ಸ್ವಿಚ್ಚನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದ. ಚಿಪ್ ಚಾವಿಯನ್ನು ಕಾಯಿಲ್ ಪಕ್ಕಕ್ಕೇ ಟೇಪ್ ಸುತ್ತಿ ಕಟ್ಟಿದ. ಸ್ಕ್ರೂಡ್ರೈವರ್ ಹಾಕಿ ತಿರುವಿದರೆ ಗಾಡಿ ಚಾಲೂ. ಚಿಲಕದ ಬಗ್ಗೆ ಕೇಳಿದ್ದಕ್ಕೆ "ಹಿಂದ ಸರದದ್ರಿ, ಇನ್ನೇನ್ ಅಂಜಿಕಿ" ಅಂದನಂತೆ.

ಒಂದು ಕ್ಷಣ ಯೋಚಿಸಿ ನೋಡಿ. ಕಳ್ಳನನ್ನು ತಡೆದಿದ್ದ ಒಂದೇ ವಸ್ತು ಆ ಚಿಪ್. ಅದನ್ನೇ ಗಾಡಿಯೊಳಗೆ ಕಟ್ಟಿಟ್ಟು ಹೋದ. ಮತ್ತೆ ಆ ಚಿಲಕ ಹಿಂದೆ ಸರಿದಿತ್ತು ಅಷ್ಟೇ, ಹಿಂದೆ ಉಳಿಯುವಂತೆ ಹಿಡಿದಿಡುವ ಕ್ಯಾಮ್ ಒಡೆದಿತ್ತು. ಎರಡು ದಿನ ನಡೆಯಿತು. ಮೂರನೇ ದಿನ ಗಂಜ್‌ನಲ್ಲಿ ತೊಗರಿ ಚೀಲದ ಲಾರಿಯ ಹಿಂದಿನಿಂದ ಮಾಲಕರು ಗಾಡಿ ರಿವರ್ಸ್ ತೆಗೆಯುವಾಗ ಚಿಲಕ ಟಪ್ ಅಂತ ಮುಂದೆ ಬಂದು ಕೂತಿತು. ಸ್ಟೇರಿಂಗ್ ಅರ್ಧ ತಿರುವಿನಲ್ಲಿ ನಿಂತುಬಿಟ್ಟಿತು. ನಡಿಗೆಯ ವೇಗ, ಹಾಗಾಗಿ ಬಂಪರ್ ಸವರಿ ಬಚಾವಾದರು. ಅದೇ ಜೇವರ್ಗಿ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಆಗಿದ್ದರೆ ನಾನು ಈ ಪ್ರಕರಣ ಬರೆಯುತ್ತಿರಲಿಲ್ಲ.

ಆಗ ಮಾಲಕರಿಂದ ನಮಗೆ ಫೋನ್ ಬಂತು. "ಮಿಸ್ತ್ರಿ, ಹಗ್ಗ ಕಟ್ಟಿ ಎಳ್ಕೊಂಡು ಬರ್ತೀನ್ರಿ, ಭಾಳ ದೂರ ಇಲ್ಲ."

"ಬ್ಯಾಡ್ರಿ ಸಾವ್ಕಾರ್ರ. ಮುಂದಿನ ಎರಡೂ ಗಾಲಿ ನೆಲ ಬಿಟ್ಟಿರಬೇಕು, ಇಲ್ಲಾಂದ್ರ ಪೂರಾ ಗಾಡಿನೇ ಲಾರಿ ಮ್ಯಾಲೆ ಬರಬೇಕು."

ಸ್ಟೇರಿಂಗ್ ಲಾಕ್ ಮೇಲೆ ನಂಬಿಕೆ ಇಲ್ಲದ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಲೇಬಾರದು. ಎಂಜಿನ್ ನಿಂತಿದ್ದರೆ ಬ್ರೇಕನ್ನು ಹಗುರ ಮಾಡುವ ಬೂಸ್ಟರಿನ ಸಹಾಯವೂ ಇರುವುದಿಲ್ಲ. ಮಧ್ಯದಲ್ಲಿ ಚಿಲಕ ಮತ್ತೆ ಬಿದ್ದರೆ ಮುಂದಿನ ಗಾಡಿಯವನಿಗೆ ಗೊತ್ತೂ ಆಗುವುದಿಲ್ಲ. ಕೊನೆಗೆ ಸಪಾಟು ಲಾರಿಯ ಮೇಲೆ ಬಂತು.

ಹಾನಿ ನೋಡಲು ವಿಮೆ ಕಂಪನಿ ಕಳಿಸಿದ ಸರ್ವೇಯರ್ ಬಂದು ಹೋದ ಮೇಲೆ ಬಿಚ್ಚಿದಾಗ ಸಿಕ್ಕಿದ್ದು ಇಷ್ಟು. ಲಾಕ್ ಸಿಲಿಂಡರಿನೊಳಗಿನ ವೇಫರ್‌ಗಳು, ಅಂದರೆ ಚಾವಿಯ ಕಚ್ಚಿಗೆ ತಕ್ಕಂತೆ ಏರಿಳಿಯುವ ಹಿತ್ತಾಳೆಯ ತೆಳು ತುಂಡುಗಳು, ಪುಡಿಯಾಗಿದ್ದವು. ಬೆರಳಿಟ್ಟರೆ ಹಳದಿ ಪುಡಿ ಅಂಟುತ್ತಿತ್ತು. ಕ್ಯಾಮ್ ಒಡೆದಿತ್ತು. ಇಗ್ನಿಷನ್ ಸ್ವಿಚ್ಚಿನ ಹಿಂಭಾಗ ಸೀಳಿತ್ತು. ಕಾಯಿಲ್ ಬಳೆಯಲ್ಲಿ ಕೂದಲೆಳೆ ಬಿರುಕು, ಅದಕ್ಕೇ ಚಾವಿ ದೀಪ ಒಮ್ಮೊಮ್ಮೆ ಮಿಣುಕುತ್ತಿತ್ತು. ಇದರ ಮೇಲೆ ಕಳ್ಳ ಮಾಡದ ಒಂದು ಹಾನಿ: ಏರ್‌ಬ್ಯಾಗ್ ದೀಪ ಆರುತ್ತಲೇ ಇರಲಿಲ್ಲ, ಹಾರ್ನ್ ಸತ್ತಿತ್ತು.

ಕೆಲಸ ಹಿಡಿಯುವ ಮೊದಲು ನಾನು ಕೇಳಿದ ಮೊದಲ ಪ್ರಶ್ನೆ, "ಎರಡನೇ ಚಾವಿ ಎಲ್ಲದ?" ಮಾಲಕರು ತಲೆ ಕೆರೆದುಕೊಂಡರು. ಹೋದ ವರ್ಷ ಶರಣಬಸವೇಶ್ವರ ಜಾತ್ರೆಯಲ್ಲಿ ಕಳೆದಿದೆ. ಯಾರಿಗೂ ಹೇಳಿಲ್ಲ, ಎಲ್ಲೂ ಬರೆಸಿಲ್ಲ. ಈ ಕಳ್ಳತನದ ಯತ್ನಕ್ಕೂ ಆ ಚಾವಿಗೂ ಸಂಬಂಧ ಇರಲಿಕ್ಕಿಲ್ಲ. ಚಾವಿ ಇದ್ದವನು ಸ್ಕ್ರೂಡ್ರೈವರ್ ಯಾಕೆ ತರುತ್ತಾನೆ? ಆದರೂ ಗಾಡಿ ನಿಜಕ್ಕೂ ಕಳುವಾಗಿದ್ದರೆ ವಿಮೆಯವರು ಎರಡೂ ಚಾವಿ ಕೇಳುತ್ತಿದ್ದರು. ಆಗ ಜಾತ್ರೆಯ ಕಥೆ ಹೇಳಿದರೆ ಯಾರು ನಂಬುತ್ತಾರೆ ಹೇಳಿ. ಚಾವಿ ಕಳೆದ ದಿನವೇ ಪೊಲೀಸರ ಇ-ಲಾಸ್ಟ್‌ನಲ್ಲಿ (ಕಳೆದ ವಸ್ತು ಬರೆಸುವ ಆನ್‌ಲೈನ್ ವ್ಯವಸ್ಥೆ) ದಾಖಲಿಸಿ ಒಂದು ಪ್ರತಿ ಇಟ್ಟುಕೊಂಡಿದ್ದರೆ ಈ ಪೇಚು ಇರುತ್ತಿರಲಿಲ್ಲ.

ಠಾಣೆಗೂ ಆವರೆಗೆ ಹೋಗಿರಲಿಲ್ಲ. "ಗಾಡಿ ಹೋಗೇ ಇಲ್ಲಲ್ರಿ, ಏನಂತ ಕಂಪ್ಲೇಂಟ್ ಕೊಡ್ಲಿ?" ಅನ್ನುವುದು ಅವರ ವಾದ. ಯತ್ನವೂ ಅಪರಾಧವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ 303ನೇ ಕಲಂ, ಯತ್ನಕ್ಕೆ 62ನೇ ಕಲಂ ಇದೆ. ಮಗನ ವಿಡಿಯೋ ತೋರಿಸಿ ದೂರು ಕೊಟ್ಟರು. ವಿಮೆ ಕಂಪನಿಗೂ ತಿಳಿಸಿದರು. ಅವರದು ಪೂರ್ಣ ಪಾಲಿಸಿ. ಬರೀ ಥರ್ಡ್ ಪಾರ್ಟಿ ಆಗಿದ್ದರೆ ಈ ಖರ್ಚಿಗೆ ಒಂದು ಪೈಸೆಯೂ ಬರುತ್ತಿರಲಿಲ್ಲ. ಸರ್ವೇಯರ್ ಬಂದು ನೋಡುವವರೆಗೆ ನಾವು ಒಂದು ಸ್ಕ್ರೂ ಬಿಚ್ಚಲಿಲ್ಲ. ಮಾಲಕರಿಗೆ ಸಿಟ್ಟು ಬಂತು, ಬರಲಿ.

ಯಾವ ಸಾಮಾನು ಹಾಕಬೇಕು ಅನ್ನುವುದು ಮುಂದಿನ ಮಾತು. ಎರಡೂ ಚಾವಿ ಕೈಯಲ್ಲಿದ್ದಿದ್ದರೆ ಹೊಸ ಇಗ್ನಿಷನ್ ಲಾಕ್ ತಂದು, ಅದರ ವೇಫರ್ ಬದಲಿಸಿ ಹಳೇ ಚಾವಿಗೇ ಹೊಂದಿಸಬಹುದಿತ್ತು. ಒಳ್ಳೆಯ ಚಾವಿ ಕೆಲಸದವರಿಗೆ ಅದು ಕಷ್ಟವಲ್ಲ. ಇಲ್ಲಿ ಒಂದು ಚಾವಿ ಎಲ್ಲೋ ಹೊರಗಿದೆ. ಅದರ ಚಿಪ್ಪನ್ನು ಕಂಪ್ಯೂಟರಿನಿಂದ ಅಳಿಸಿದರೆ ಎಂಜಿನ್ ಚಾಲೂ ಆಗುವುದಿಲ್ಲ, ನಿಜ. ಆದರೆ ಅದರ ಕಬ್ಬಿಣದ ಭಾಗ ಬಾಗಿಲನ್ನು ತೆಗೆದೇ ತೆಗೆಯುತ್ತದೆ. ಮಾಲಕರು ಸಂಜೆ ಹೊತ್ತು ಗಂಜ್‌ನ ರೊಕ್ಕ ಇಟ್ಟುಕೊಂಡು ಓಡಾಡುವವರು. ಹಾಗಾಗಿ ಪೂರ್ತಿ ಲಾಕ್ ಸೆಟ್ಟೇ ಸರಿ ಅಂದೆ: ಇಗ್ನಿಷನ್, ಬಾಗಿಲು, ಡಿಕ್ಕಿ, ಎಲ್ಲಕ್ಕೂ ಒಂದೇ ಚಾವಿ. ಜೊತೆಗೆ ಹೊಸ ಸ್ವಿಚ್, ಹೊಸ ಕಾಯಿಲ್. ಗುಜರಿಯಿಂದ ತಂದ ಹಳೇ ಸ್ಟೇರಿಂಗ್ ಲಾಕ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಅದರ ಚಾವಿಯ ಇನ್ನೊಂದು ಜೋಡಿ ಯಾರ ಮನೆಯಲ್ಲಿದೆ ಅಂತ ಯಾರಿಗೆ ಗೊತ್ತು?

ಕೆಲಸ ಶುರುವಾಗೋದು ಬಾನೆಟ್ ಕೆಳಗೆ, ಸ್ಟೇರಿಂಗ್ ಹತ್ತಿರ ಅಲ್ಲ. ಗಾಲಿ ನೇರ ಮಾಡಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಪಕ್ಕಕ್ಕೆ ಸುತ್ತಿಡಬೇಕು. ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ಕೆಪ್ಯಾಸಿಟರ್ ಇರುತ್ತದೆ. ಅಪಘಾತದಲ್ಲಿ ಬ್ಯಾಟರಿ ತುಂಡಾದರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿ ಅಂತ ಇಟ್ಟ ಶಕ್ತಿ ಅದು. ಅದು ಇಳಿಯಬೇಕು. ಕೆಲವು ಕಂಪನಿಗಳು 90 ಸೆಕೆಂಡ್ ಅನ್ನುತ್ತವೆ, ಕೆಲವು ಮೂರು ನಿಮಿಷ. ಆ ಗಾಡಿಯ ಪುಸ್ತಕ ಏನು ಹೇಳುತ್ತದೋ ಅದಕ್ಕಿಂತ ಜಾಸ್ತಿ ಹೊತ್ತು ಬಿಡಿ, ಚಹಾ ಕುಡಿದು ಬನ್ನಿ. ಹಳದಿ ಕನೆಕ್ಟರ್ ಕಂಡಲ್ಲಿ ಅದು ಏರ್‌ಬ್ಯಾಗಿನದು ಅಂತಲೇ ತಿಳಿಯಿರಿ. ಅದಕ್ಕೆ ಮಲ್ಟಿಮೀಟರ್ ಹಚ್ಚಿ ಓಮ್ ನೋಡಲು ಹೋಗಬೇಡಿ. ಮೀಟರಿನ ಸಣ್ಣ ಕರೆಂಟೂ ಅದನ್ನು ಸಿಡಿಸಬಹುದು. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲಾಗಿಯೇ ಇಡಬೇಕು. ಬೋರಲು ಇಟ್ಟಾಗ ಸಿಡಿದರೆ ಅದೇ ಮೇಲಕ್ಕೆ ಹಾರುತ್ತದೆ.

ಸ್ಟೇರಿಂಗ್ ಲಾಕನ್ನು ಕಾಲಮ್ಮಿಗೆ, ಅಂದರೆ ಸ್ಟೇರಿಂಗ್ ಶಾಫ್ಟ್ ಹಾದುಹೋಗುವ ಕೊಳವೆಗೆ, ಹಿಡಿಯುವುದು ಶಿಯರ್ ಬೋಲ್ಟ್‌ಗಳು. ಕಾರ್ಖಾನೆಯಲ್ಲಿ ಬಿಗಿಯುವಾಗ ಒಂದು ಹಂತಕ್ಕೆ ಅವುಗಳ ತಲೆ ಮುರಿದು ಬೀಳುತ್ತದೆ, ಉಳಿಯುವುದು ನುಣುಪಾದ ಗುಂಡು ತುದಿ. ಪಾನಾ ಹಿಡಿಯುವುದಿಲ್ಲ, ಕಳ್ಳನಿಗೆ ಬಿಚ್ಚಲಾಗಬಾರದು ಅಂತಲೇ ಹಾಗೆ. ನಮ್ಮ ಹುಡುಗ ಚಾಣ ಮತ್ತು ಸುತ್ತಿಗೆ ಹಿಡಿದು ಬಂದ. "ಉಸ್ತಾದ್, ಅಡ್ಡ ಎರಡೇಟು ಹಾಕಿದ್ರ ತಿರುಗತಾದ್ರಿ." ಹಳೇ ಗಾಡಿಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ಈ ಕಾಲಮ್ಮಿನ ಮೇಲೆ ಪವರ್ ಸ್ಟೇರಿಂಗಿನ ಮೋಟರ್ ಕೂತಿದೆ, ಒಳಗೆ ತಿರುವುವ ಬಲ ಅಳೆಯುವ ಟಾರ್ಕ್ ಸೆನ್ಸರ್ ಇದೆ. ಮೇಲಾಗಿ ಕಾಲಮ್ಮು ಅಪಘಾತದಲ್ಲಿ ಡ್ರೈವರಿನ ಎದೆಗೆ ಚುಚ್ಚದೆ ಒಳಗೆ ಕುಸಿಯುವಂತೆ ಮಾಡಿರುತ್ತಾರೆ. ಸುತ್ತಿಗೆ ಏಟು ಇವೆಲ್ಲಕ್ಕೂ ಬೀಳುತ್ತದೆ. ಬಿದ್ದದ್ದು ಹೊರಗೆ ಕಾಣುವುದೂ ಇಲ್ಲ.

ಹಾಗಾಗಿ ಕಾಲಮ್ಮಿನ ಬೋಲ್ಟ್ ಸಡಿಲಿಸಿ ಸ್ವಲ್ಪ ಕೆಳಗಿಳಿಸಿದೆವು. ಶಿಯರ್ ಬೋಲ್ಟಿನ ನಡುವೆ ಹಗುರಾಗಿ ಪಂಚ್ ಗುರುತು, ಸಣ್ಣ ಬಿಟ್‌ನಿಂದ ತೂತು, ಆಮೇಲೆ ಎಡಕ್ಕೆ ಕಚ್ಚುವ ಎಕ್ಸ್‌ಟ್ರಾಕ್ಟರ್. ಡ್ರಿಲ್ ಹಚ್ಚುವ ಮೊದಲು ಅಕ್ಕಪಕ್ಕದ ವೈರು, ಕನೆಕ್ಟರ್ ಎಲ್ಲಕ್ಕೂ ಒದ್ದೆ ಬಟ್ಟೆ ಮುಚ್ಚಿದ್ದೆವು. ಒಂದು ಬೋಲ್ಟ್ ಸಲೀಸಾಗಿ ಬಂತು. ಇನ್ನೊಂದು ಹಟ ಹಿಡಿಯಿತು. ನಿಧಾನಕ್ಕೆ ಬಿಟ್ ದಪ್ಪ ಮಾಡುತ್ತಾ ಹೋದಾಗ ಒಮ್ಮೆಗೆ ಸಡಿಲಾಗಿ, ಸುರುಳಿ ಸುರುಳಿ ಉಕ್ಕಿನ ಚೂರು ಬಟ್ಟೆ ಮೇಲೆ ಉದುರಿತು. ಬ್ಲೋವರ್ ಹಚ್ಚಿ ಊದಿದರೆ ಅದೇ ಚೂರು ಸ್ವಿಚ್ಚಿನೊಳಗೆ ಹೋಗಿ ಕೂರುತ್ತದೆ. ವ್ಯಾಕ್ಯೂಮ್‌ನಿಂದ ಎಳೆದೆವು.

ಹೊಸ ಲಾಕ್ ಕೂರಿಸಿದ ಮೇಲೆ ಬಹಳ ಜನ ಮಾಡುವುದು ನೇರ ಬಿಗಿದು ತಲೆ ಮುರಿಯುವುದು. ತಲೆ ಮುರಿದರೆ ಮತ್ತೆ ಡ್ರಿಲ್ಲೇ ಗತಿ. ಮೊದಲು ಬೋಲ್ಟ್ ಕೈ ಬಿಗಿಗೆ ಮಾತ್ರ ತಂದು ಪರೀಕ್ಷೆ ಮಾಡಬೇಕು. ಚಾವಿ ಲಾಕ್ ಸ್ಥಾನದಲ್ಲಿ ಮಾತ್ರ ಹೊರಬರಬೇಕು, ಬೇರೆಲ್ಲೂ ಬರಬಾರದು. ಚಾವಿ ತೆಗೆದು ಸ್ಟೇರಿಂಗ್ ಅಲ್ಲಾಡಿಸಿದರೆ ಚಿಲಕ ಪೂರ್ತಿ ಕೂರಬೇಕು. ಚಾವಿ ತಿರುವಿದರೆ ಪೂರ್ತಿ ಸರಿಯಬೇಕು. ಚಾವಿಯನ್ನು ಒಳಕ್ಕೆ ಒತ್ತದೆ ಲಾಕ್ ಕಡೆ ತಿರುಗುವಂತಿರಬಾರದು, ಆ ಒತ್ತುವಿಕೆ ಇಟ್ಟಿರುವುದೇ ಓಡುವ ಗಾಡಿಯಲ್ಲಿ ಕೈ ತಪ್ಪಿ ಲಾಕ್ ಬೀಳದಿರಲಿ ಅಂತ. ಗಾಲಿ ಎತ್ತಿ ಈ ತುದಿಯಿಂದ ಆ ತುದಿಗೆ ತಿರುವಿ, ಎಲ್ಲಾದರೂ ಕೆರೆಯುವ ಸದ್ದು ಬರುತ್ತದಾ ಅಂತ ಕಿವಿ ಇಟ್ಟು ಕೇಳಿದೆವು. ಎಲ್ಲ ಸರಿ ಅನಿಸಿದ ಮೇಲೆ ಎರಡೂ ಬೋಲ್ಟನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬಂದು ತಲೆ ಮುರಿದೆವು. ಕಾಲಮ್ಮಿನ ಬೋಲ್ಟ್‌ಗಳಿಗೆ ಟಾರ್ಕ್ ಪಾನಾ, ಪುಸ್ತಕದ ಲೆಕ್ಕ. ಅಲ್ಲಿ ಅಂದಾಜು ನಡೆಯುವುದಿಲ್ಲ.

ಏರ್‌ಬ್ಯಾಗ್ ದೀಪದ ಕಾರಣ ಕ್ಲಾಕ್ ಸ್ಪ್ರಿಂಗ್. ಸ್ಟೇರಿಂಗ್ ತಿರುಗಿದರೂ ಏರ್‌ಬ್ಯಾಗ್ ಮತ್ತು ಹಾರ್ನ್ ತಂತಿ ತುಂಡಾಗದಂತೆ ಒಳಗೆ ಸುರುಳಿ ಸುತ್ತಿದ ತೆಳು ಪಟ್ಟಿ ಅದು. ಎಡಕ್ಕೂ ಬಲಕ್ಕೂ ಇಷ್ಟೇ ಸುತ್ತು ಅಂತ ಲೆಕ್ಕ ಇರುತ್ತದೆ. ಮನೆಗೆ ಬಂದ ಮಿಸ್ತ್ರಿ ಗುರುತು ಹಾಕದೆ ಚಕ್ರ ತೆಗೆದಿದ್ದ, ಸುರುಳಿ ಆಚೀಚೆ ತಿರುಗಿದ್ದು ನೋಡದೆ ಹಾಕಿದ್ದ. ಆಮೇಲೆ ಎಲ್ಲೋ ಸ್ಟೇರಿಂಗ್ ಪೂರ್ತಿ ತಿರುವಿದಾಗ ಪಟ್ಟಿ ಹರಿದಿದೆ. ಅಂದರೆ ಆ ಹೊತ್ತಿನಿಂದ ಡ್ರೈವರಿಗೆ ಏರ್‌ಬ್ಯಾಗೇ ಇರಲಿಲ್ಲ. ಹರಿದ ಪಟ್ಟಿಗೆ ಬೆಸುಗೆ ಹಾಕುವವರೂ ಇದ್ದಾರೆ, ನಾನು ಹಾಕುವುದಿಲ್ಲ. ಹೊಸದು ಬಂತು, ಗಾಲಿ ನೇರ ಇಟ್ಟು, ಸುರುಳಿಯ ಬಾಣದ ಗುರುತು ಹೊಂದಿಸಿ ಕೂರಿಸಿದೆವು. ಇಗ್ನಿಷನ್ ಆನ್ ಮಾಡಿದಾಗ ದೀಪ ಕೆಲವು ಸೆಕೆಂಡ್ ಹತ್ತಿ ಆರಿತು. ಹತ್ತುವುದೂ ಮುಖ್ಯ. ದೀಪ ಹತ್ತಲೇ ಇಲ್ಲ ಅಂದರೆ ಯಾರೋ ಬಲ್ಬ್ ಕಿತ್ತಿದ್ದಾರೆ ಅಂತಲೇ ಅನುಮಾನ ಪಡಿ.

ಚಾವಿ ಪ್ರೋಗ್ರಾಮಿಂಗ್ ನಮ್ಮಲ್ಲಿ ಆಗುವ ಕೆಲಸವಲ್ಲ. ಕಂಪನಿಯ ವರ್ಕ್‌ಶಾಪಿಗೆ ಆರ್‌ಸಿ, ಮಾಲಕರ ಗುರುತಿನ ಚೀಟಿ, ಹೊಸ ಚಾವಿ ಎರಡನ್ನೂ ತಗೊಂಡು ಹೋದೆವು. ಅವರು ಹಳೇ ಚಾವಿಗಳನ್ನೆಲ್ಲ ಅಳಿಸಿ ಹೊಸವೆರಡನ್ನು ಸೇರಿಸಿದರು. ಜಾತ್ರೆಯಲ್ಲಿ ಕಳೆದ ಚಾವಿ ಅಲ್ಲಿಗೆ ಸತ್ತಿತು. ವಾಪಸ್ ಬಂದ ಮೇಲೆ ನಾನು ಒಂದು ಪರೀಕ್ಷೆ ತಪ್ಪದೆ ಮಾಡುತ್ತೇನೆ. ಚಿಪ್ ಇಲ್ಲದ, ಬರೀ ಕಚ್ಚು ಕೊರೆದ ಒಂದು ಚಾವಿ ಹಾಕಿ ತಿರುವುವುದು. ಲಾಕ್ ತಿರುಗಬೇಕು, ಎಂಜಿನ್ ನಡೆಯಬಾರದು. ಆಗ ಅಸಲಿ ಚಾವಿ ದೂರ ಇರಬೇಕು, ಜೇಬಿನಲ್ಲಿ ಹಿಡಿದು ಬಗ್ಗಿದರೂ ಕಾಯಿಲ್ ಅದನ್ನೇ ಓದಬಹುದು. ಎಂಜಿನ್ ನಡೆಯಲಿಲ್ಲ, ಚಾವಿ ದೀಪ ಮಿಣುಕಿತು. ಪರೀಕ್ಷೆ ಮುಗಿದ ಮೇಲೆ ಆ ಚಾವಿಯನ್ನು ಮಾಲಕರ ಮುಂದೆಯೇ ಎರಡು ತುಂಡು ಮಾಡಿದೆ.

ಇಷ್ಟಾಗಿ ಮಾಲಕರು ಹೊಸ ಚಾವಿಯನ್ನು ಹಳೇ ಗೊಂಚಲಿಗೆ ಹಾಕಲು ಹೊರಟರು. ಗೋದಾಮಿನ ಮೂರು ಬೀಗದ ಚಾವಿ, ತಿಜೋರಿಯದು, ಬೈಕಿನದು, ಜೊತೆಗೆ ಹಿತ್ತಾಳೆ ನಂದಿ. ಆ ಭಾರ ಗುಂಡಿಗುಂಡಿಗೂ ಇಗ್ನಿಷನ್ ಸ್ವಿಚ್ಚನ್ನು ಜಗ್ಗುತ್ತದೆ. ಇದು ಸಣ್ಣ ಮಾತಲ್ಲ. ಜನರಲ್ ಮೋಟರ್ಸ್ 2014ರಲ್ಲಿ ಸುಮಾರು 26 ಲಕ್ಷ ಕಾರು ವಾಪಸ್ ಕರೆದದ್ದು ಇಂಥದ್ದಕ್ಕೇ. ಅವುಗಳ ಸ್ವಿಚ್ ಸಡಿಲ, ಚಾವಿ ಗೊಂಚಲಿನ ಭಾರಕ್ಕೋ ಒಂದು ಕುಲುಕಿಗೋ ಆನ್‌ನಿಂದ ಜಾರುತ್ತಿತ್ತು. ಎಂಜಿನ್ ನಿಂತು, ಪವರ್ ಸ್ಟೇರಿಂಗ್ ಹೋಗಿ, ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ನಂದಿಯನ್ನು ಗೋದಾಮಿನ ಗೊಂಚಲಿಗೆ ವರ್ಗ ಮಾಡಿದೆವು.

ಲಾಕ್‌ಗೆ ಎಣ್ಣೆ ಬಿಡುವ ಚಟವೂ ಅವರಿಗಿತ್ತು. ಗಂಜ್‌ನ ತೊಗರಿ ಹೊಟ್ಟು, ಶಹಾಬಾದ್ ಕಡೆ ಹೋದರೆ ಫರ್ಶಿ ಕಲ್ಲಿನ ಧೂಳು, ಎಲ್ಲ ಆ ಎಣ್ಣೆಗೆ ಅಂಟಿ ಒಳಗೆ ಮುದ್ದೆ ಆಗುತ್ತದೆ. ಬಿಗಿಯಾದರೆ ಒಣ ಗ್ರ್ಯಾಫೈಟ್ ಪುಡಿ ಚಿಟಿಕೆ ಸಾಕು.

ಇನ್ನೊಂದು ಬೇಡಿಕೆ ಇತ್ತು, ಮೊಬೈಲಿನಿಂದಲೇ ಎಂಜಿನ್ ಬಂದ್ ಮಾಡುವ ಜಿಪಿಎಸ್. ಜಿಪಿಎಸ್ ಹಾಕಿದೆ, ಆದರೆ ಕರೆಂಟ್ ಕಡಿಯುವ ಕಟ್ ರಿಲೇಯನ್ನು ಸ್ಟಾರ್ಟರ್ ತಂತಿಗೆ ಮಾತ್ರ ಕೊಟ್ಟೆ. ನಿಂತ ಗಾಡಿ ಚಾಲೂ ಆಗದಿರಲಿ, ಓಡುವ ಗಾಡಿ ಮಾತ್ರ ನಿಲ್ಲಬಾರದು. ರಿಲೇಯನ್ನು ಗಾಡಿಯ ಪೆಟ್ರೋಲ್ ಎಳೆಯುವ ಪಂಪಿಗೆ ಕೊಟ್ಟರೆ, ಅಗ್ಗದ ರಿಲೇ ಒಂದು ಹಂಪ್ ಮೇಲೆ ಸುಮ್ನೆ ಕೈಕೊಟ್ಟರೂ ಎಂಜಿನ್ ನಿಂತು ಹಿಂದಿನ ಲಾರಿ ಬಂದು ಗುದ್ದುತ್ತದೆ. ಅವರು ಇನ್ನೂ ಪೂರ್ತಿ ಒಪ್ಪಿಲ್ಲ. ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿಗೆ ಇರುವ ಸಾಧನ ಹಾಕಿಸಿ, ಆಟೊಮೊಬೈಲ್ ಅಸೋಸಿಯೇಷನ್‌ನಿಂದ ಪ್ರಮಾಣಪತ್ರ ಪಡೆದರೆ ವಿಮೆಯ ಓಡಿ (ನಮ್ಮ ಸ್ವಂತ ಗಾಡಿಯ ಹಾನಿಯ) ಪ್ರೀಮಿಯಮ್‌ನಲ್ಲಿ ಶೇಕಡಾ 2.5 ರಿಯಾಯಿತಿ ಇದೆ, ಅದೂ 500 ರೂಪಾಯಿ ಮಿತಿಗೆ. ಅದಕ್ಕಾಗಿ ಯಾರೂ ಓಡಾಡುವುದಿಲ್ಲ ಬಿಡಿ.

ವಿಮೆಯ ಲೆಕ್ಕ ಕೊನೆಗೆ ಬಂತು. ಹತ್ತು ವರ್ಷ ದಾಟಿದ ಗಾಡಿ, ಲೋಹದ ಭಾಗಕ್ಕೂ ಪ್ಲಾಸ್ಟಿಕ್‌ಗೂ ಶೇಕಡಾ 50 ಸವಕಳಿ ಕಳೆದರು. ಅದರ ಮೇಲೆ ಕಡ್ಡಾಯ ಕಡಿತ 1,000 ರೂಪಾಯಿ. ಲಾಕ್ ಸೆಟ್, ಸ್ವಿಚ್, ಕಾಯಿಲ್, ಕವರ್ ಒಪ್ಪಿದರು. ಕ್ಲಾಕ್ ಸ್ಪ್ರಿಂಗ್ ಒಪ್ಪಲಿಲ್ಲ. ಮಗ ತೆಗೆದ ಮೊದಲ ದಿನದ ವಿಡಿಯೋದಲ್ಲಿ ಇಗ್ನಿಷನ್ ಆನ್ ಇದೆ, ಏರ್‌ಬ್ಯಾಗ್ ದೀಪ ಆರಿದೆ. ಅಂದರೆ ಅದನ್ನು ಹಾಳು ಮಾಡಿದ್ದು ಕಳ್ಳ ಅಲ್ಲ, ಆಮೇಲೆ ಬಂದ ಕೈ ಅಂತ ಸರ್ವೇಯರ್ ಬರೆದರು. ವಾದ ಮಾಡಲು ಜಾಗವೇ ಇರಲಿಲ್ಲ. ಆ ದುಡ್ಡು ಮಾಲಕರ ಕಿಸೆಯಿಂದಲೇ ಹೋಯಿತು. ಮನೆಗೆ ಬಂದಿದ್ದ ಮಿಸ್ತ್ರಿಯಿಂದ ವಸೂಲಿ ಮಾಡುತ್ತೇನೆ ಅಂತ ಇನ್ನೂ ಹೇಳುತ್ತಿದ್ದಾರೆ.